ಪ್ಲಾಸ್ಟರಿಂಗ್‌ನಲ್ಲಿ ಮುಚ್ಚೋಗುತ್ತೆ ಸಾರ್

ನಮ್ಮ ಮಲಗುವ ಕೋಣೆಗೆ ನಾಲ್ಕು ಮೂಲೆಗಳಿವೆ. ಅದರಲ್ಲಿ ಒಂದಕ್ಕೂ ಮೂಲೆಮಟ್ಟ ಕೂರುವುದಿಲ್ಲ. ಇದು ನನಗೆ ಗೊತ್ತಾದದ್ದು ಗೃಹಪ್ರವೇಶದ ಮಾರನೆಯ ದಿನ, ಮಂಚವನ್ನು ಗೋಡೆಗೆ ಒತ್ತರಿಸಿದಾಗ. ತಲೆದೆಸೆಯಲ್ಲಿ ಮಂಚ ಗೋಡೆಗೆ ಅಂಟಿಕೊಂಡಿತ್ತು. ಕಾಲ್ದೆಸೆಯಲ್ಲಿ ಬೆಕ್ಕು ಬಾಲ ಎತ್ತಿಕೊಂಡು ಓಡಾಡುವಷ್ಟು ಸಂದಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತನಾದವನು ನಾನು. ಪೈಥಾಗೊರಸನ ಪ್ರಮೇಯವನ್ನು ಬೋರ್ಡಿನ ಮೇಲೆ ಎಷ್ಟು ಸಲ ಸಾಧಿಸಿದ್ದೇನೋ ಲೆಕ್ಕವಿಲ್ಲ. ನನ್ನದೇ ಪಾಯದ ಮೇಲೆ ದಾರ ಹಿಡಿದು ಮೂರಡಿ, ನಾಲ್ಕಡಿ, ಐದಡಿ ಅಳೆದು ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಅವನು ಬಲಗಣ್ಣು ಮುಚ್ಚಿ ಗೋಡೆಯನ್ನು ಉದ್ದಕ್ಕೂ ನೋಡಿದ.

"ಅಲ್ಲಿ ಬೀರು ಬರುತ್ತಲ್ಲ ಸಾರ್?"

"ಬೀರು ಇಲ್ಲಪ್ಪ ನಮ್ಮತ್ರ."

"ಹಂಗಾದ್ರೆ ಒಂದು ತಗೊಂಬಿಡಿ."

ತೆಗೆದುಕೊಂಡೆ. ಸಂದಿಗೆ ಸರಿಯಾಗಿ, ಸ್ವಲ್ಪ ಓರೆಯಾಗಿ ನಿಲ್ಲಿಸಿದೆವು. ಸೊಟ್ಟ ಕಾಣುವುದಿಲ್ಲ. ಕಂಡರೂ ಬೀರುವಿನದೆಂದು ಕಾಣುತ್ತದೆಯೇ ಹೊರತು ಗೋಡೆಯದೆಂದಲ್ಲ. ಎರಡೇ ಮಾತಿನಲ್ಲಿ ಗೋಡೆಯ ತಪ್ಪನ್ನು ಪೀಠೋಪಕರಣದ ಲೆಕ್ಕಕ್ಕೆ ವರ್ಗಾಯಿಸಿದ ಆ ಬುದ್ಧಿಗೆ ಅಂದೇ ಮನಸ್ಸಿನಲ್ಲಿ ಕೈಮುಗಿದೆ.

ಮನೆ ಕಟ್ಟುವ ವಿದ್ಯೆಯ ಬಗ್ಗೆ ಬರೆದವರೆಲ್ಲ ಕಟ್ಟುವುದನ್ನು ಮಾತ್ರ ಬರೆದಿದ್ದಾರೆ. ಪಾಯ ಎಷ್ಟು ಆಳ, ಕಂಬಿ ಎಷ್ಟು ದಪ್ಪ, ಸಿಮೆಂಟಿಗೆ ಮರಳು ಎಷ್ಟು ಪಾಲು ಎಂದು ಪುಟಗಟ್ಟಲೆ ಸಿಗುತ್ತದೆ. ಕಟ್ಟಿದ್ದನ್ನು ಮುಚ್ಚುವ ವಿದ್ಯೆಯ ಬಗ್ಗೆ ಒಂದು ಪುಸ್ತಕವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಶಿವಮೊಗ್ಗದ ಮೂವತ್ತು-ನಲವತ್ತರ ಸೈಟಿನಲ್ಲಿ ಒಂಬತ್ತು ಚದರದ ಮನೆ ಕಟ್ಟಿಸಿ, ನಿವೃತ್ತಿಯ ಹಣವನ್ನೆಲ್ಲ ಆ ವಿದ್ಯೆಗೆ ಗುರುದಕ್ಷಿಣೆಯಾಗಿ ಕೊಟ್ಟವನು ನಾನು. ಆದ್ದರಿಂದ ಈ ಕಸುಬಿಗೆ ಹೊಸದಾಗಿ ಇಳಿಯುವ ಹುಡುಗರ ಉಪಯೋಗಕ್ಕೆ ನಾಲ್ಕು ಮಾತು ಬರೆದಿಡುವುದು ನನ್ನ ಧರ್ಮ.

ತತ್ತ್ವ ಇಷ್ಟೇ: ಪ್ರತಿಯೊಬ್ಬ ಕೆಲಸಗಾರನ ಹಿಂದೆ ಇನ್ನೊಬ್ಬ ಬರುತ್ತಾನೆ. ಇಟ್ಟಿಗೆಯ ವರಸೆ ಹಾವಿನಂತೆ ಹರಿದರೆ ಗಾರೆಯವನು ಬೆದರುವುದಿಲ್ಲ. "ಪ್ಲಾಸ್ಟರಿಂಗ್‌ನಲ್ಲಿ ಮುಚ್ಚೋಗುತ್ತೆ ಸಾರ್." ಪ್ಲಾಸ್ಟರಿಂಗ್ ಅಲೆ ಎದ್ದರೆ ಅದು ಪುಟ್ಟಿಯಲ್ಲಿ ಹೋಗುತ್ತದೆ. ಪುಟ್ಟಿಯಲ್ಲಿ ಉಳಿದದ್ದು ಪೇಂಟಿನಲ್ಲಿ ಹೋಗುತ್ತದೆ. ಪೇಂಟಿನವನು ಮಾತ್ರ ಪಾಪ, ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ, ಮನೆ ಯಜಮಾನನೊಬ್ಬ ನಿಂತಿರುತ್ತಾನೆ. "ಲೈಟ್ ಹಾಕ್ಬೇಡಿ ಸಾರ್, ಲೈಟ್ ಹಾಕಿದ್ರೆ ಕಾಣುತ್ತೆ" ಎಂದು ಅವನು ಕೈತೊಳೆದುಕೊಳ್ಳುತ್ತಾನೆ. ಒಬ್ಬ ಮಾಡಿದ ಕರ್ಮವನ್ನು ಇನ್ನೊಬ್ಬ ಅನುಭವಿಸುವುದಿಲ್ಲ ಎಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರಕಾರರು ಸ್ವಂತ ಮನೆ ಕಟ್ಟಿಸಿರಲಾರರು.

ಒಳಗೋಡೆಗೆ 12 ಮಿಲಿಮೀಟರ್ ಪ್ಲಾಸ್ಟರ್ ಸಾಕು ಎನ್ನುತ್ತಾರೆ ಎಂಜಿನಿಯರುಗಳು. ನಮ್ಮ ಹಾಲ್‌ನಲ್ಲಿ ಸ್ವಿಚ್ ಬೋರ್ಡು ಕೂರಿಸಲು ಎಲೆಕ್ಟ್ರಿಷಿಯನ್ ಗೋಡೆ ಕೊರೆದ. ಅವನ ಉಳಿ ಒಳಗೆ ಹೋಯಿತು, ಹೋಯಿತು, ಎರಡು ಇಂಚು ಹೋದ ಮೇಲೆ ಇಟ್ಟಿಗೆ ಸಿಕ್ಕಿತು. "ಇದು ಗೋಡೆಯಾ, ಕೋಟೆಯಾ ಸಾರ್?" ಎಂದು ಅವನು ಬೆರಗಾದ. ವಿಷಯವೇನೆಂದರೆ ಗೋಡೆ ಮೇಲೇರುತ್ತ ಏರುತ್ತ ಹೊರಗೆ ವಾಲಿತ್ತು. ಒಳಗಿನಿಂದ ನೆಟ್ಟಗೆ ಕಾಣಿಸಲು ಮೇಲುಗಡೆ ಎರಡು ಇಂಚು ಗಾರೆ ಮೆತ್ತಬೇಕಾಗಿ ಬಂತು. ಕೆಲಸ ಲೇಬರ್ ಕಾಂಟ್ರ್ಯಾಕ್ಟು. ಕೂಲಿ ಅವನದು, ಸಿಮೆಂಟು ನನ್ನದು. ಸೊಟ್ಟ ಅವನದಾದರೂ ಅದನ್ನು ತುಂಬಿದ ಮೂಟೆಗಳು ನನ್ನವು ಎಂಬ ಕಾರಣಕ್ಕೆ ಆ ಗೋಡೆಯ ಮೇಲೆ ನನಗೆ ಒಂದು ಬಗೆಯ ಮಮತೆ.

ತೂಗುಗುಂಡು ಮೇಸ್ತ್ರಿಯ ಚೀಲದಲ್ಲೇ ಇತ್ತು. ಅದರ ದಾರದಿಂದ ಬುತ್ತಿಯ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದ. ರಸಮಟ್ಟವೂ ಇತ್ತು, ಅದರ ಗುಳ್ಳೆ ಎಲ್ಲಿಟ್ಟರೂ ಒಂದೇ ಕಡೆ ನಿಲ್ಲುವಷ್ಟು ಪಳಗಿತ್ತು. ಪಾರದರ್ಶಕ ಪೈಪಿಗೆ ನೀರು ತುಂಬಿ ಇಬ್ಬರು ಎರಡು ತುದಿ ಹಿಡಿದು ಮಟ್ಟ ನೋಡುವ ಹಳೆಯ ಕ್ರಮವಿದೆಯಲ್ಲ, ಅದು ಬಲು ನಿಷ್ಠುರ. ಒಳಗೆ ಗಾಳಿಗುಳ್ಳೆ ಸೇರಿಕೊಳ್ಳದಿದ್ದರೆ ನೀರು ಯಾರ ಮುಲಾಜಿಗೂ ಸಿಕ್ಕುವುದಿಲ್ಲ. ಅದಕ್ಕೇ ಇರಬೇಕು, ಆ ಪೈಪು ನಮ್ಮಲ್ಲಿ ಡ್ರಮ್ಮಿಗೆ ನೀರು ತುಂಬಲು ಬಳಕೆಯಾಯಿತು. ಉಳಿದದ್ದಕ್ಕೆಲ್ಲ ಅವನ ಎಡಗಣ್ಣು. ಆ ಕಣ್ಣಿನ ಅಳತೆಯಲ್ಲಿ ಹಾಕಿದ ಬಚ್ಚಲಿನ ಇಳಿಜಾರಿನಲ್ಲಿ ನೀರು ಜಾಲರಿಯ ಕಡೆ ಹೋಗದೆ ಬಾಗಿಲಿಗೆ ಬಂದು ನಮ್ಮನ್ನು ವಿಚಾರಿಸಿಕೊಂಡು ಹೋಗುತ್ತದೆ.

ಬೇಲೂರಿನ ಕಪ್ಪೆಚೆನ್ನಿಗರಾಯನ ಕಥೆ ನಿಮಗೆ ಗೊತ್ತಿರುತ್ತದೆ. ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ಕಟ್ಟುತ್ತಾನೆ. ಮೂರ್ತಿಗೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕಳ ಬಳಿ ಮಾತ್ರ ಹಸಿ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟು ಹೊಡೆದರೆ ನೀರು, ಮರಳು, ಒಂದು ಕಪ್ಪೆ. ಜಕಣಾಚಾರಿ ಮಾತಿಗೆ ತಪ್ಪಲಿಲ್ಲ, ಕೈ ಕತ್ತರಿಸಿಕೊಂಡ. ಚಿಕ್ಕಂದಿನಿಂದ ಈ ಕಥೆ ಕೇಳಿ ಕಣ್ಣೀರು ಹಾಕಿದ್ದೇನೆ. ಈಗ ಅನ್ನಿಸುತ್ತದೆ, ಪಾಪ, ಆ ಕಾಲಕ್ಕೆ ಪುಟ್ಟಿ ಇರಲಿಲ್ಲ. ನಮ್ಮ ಬಚ್ಚಲಿಗೆ ತಾಗಿದ ಗೋಡೆಯಲ್ಲೂ ಅಂಥದೇ ಒಂದು ಜಾಗವಿದೆ. ಏನು ಬಳಿದರೂ ಒಣಗುವುದಿಲ್ಲ. ಬಣ್ಣ ಉಬ್ಬಿ, ಹಪ್ಪಳದಂತೆ ಎದ್ದು, ಅದರಡಿಯಿಂದ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ಮೇಸ್ತ್ರಿ ಕೆರೆದು, ಪುಟ್ಟಿ ಹಚ್ಚಿ, ಎರಡೂ ಕೈ ಒರೆಸಿಕೊಂಡು ಹೋದ. ಮುಂದಿನ ಮಳೆಗಾಲಕ್ಕೆ ಮತ್ತೆ ಎರಡೂ ಕೈ ಬೀಸಿಕೊಂಡು ಬಂದ. ಕೈ ಉಳಿಸಿಕೊಳ್ಳುವ ವಿದ್ಯೆಯಲ್ಲಿ ನಾವು ಹೊಯ್ಸಳರನ್ನು ಬಹಳ ಹಿಂದೆ ಹಾಕಿದ್ದೇವೆ.

ಇನ್ನು ಮೋಲ್ಡಿನ ದಿನ. ಮನೆ ಕಟ್ಟಿಸಿದವರಿಗೆ ಆ ದಿನದ ಸಡಗರ ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಆರಕ್ಕೆ ಮಿಕ್ಸರ್ ಬಂತು, ಅದಕ್ಕೆ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ದೆವು. ರಾಯಚೂರಿನ ಕಡೆಯಿಂದ ಬಂದ ಗ್ಯಾಂಗು ಕೆಳಗಿನಿಂದ ಮೇಲಕ್ಕೆ ಸಾಲುಗಟ್ಟಿ ನಿಂತಿತು. ಐಎಸ್ 456 ಎಂಬ ಭಾರತೀಯ ಮಾನಕದಲ್ಲಿ, ಎಂ20 ದರ್ಜೆಯ ಸಾಮಾನ್ಯ ಮಿಶ್ರಣಕ್ಕೆ 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ 30 ಲೀಟರ್ ನೀರು ಎಂದು ಬರೆದಿದೆ. ನಾನು ಹಿಂದಿನ ರಾತ್ರಿ ಅದನ್ನು ಓದಿಕೊಂಡು, ಮನೆಯಿಂದ ಹದಿನೈದು ಲೀಟರಿನ ಎರಡು ಬಿಂದಿಗೆ ತಂದು ಮಿಕ್ಸರ್ ಪಕ್ಕ ಇಟ್ಟಿದ್ದೆ. ಮೊದಲನೆಯ ಮೂಟೆಗೆ ಅಳೆದೇ ಹಾಕಿದರು. ಎರಡನೆಯದಕ್ಕೆ ಒಂದು ಬಿಂದಿಗೆ ಜಾಸ್ತಿ. ಹತ್ತು ಗಂಟೆಯ ಹೊತ್ತಿಗೆ ನನ್ನ ಬಿಂದಿಗೆಯಲ್ಲಿ ಗ್ಯಾಂಗಿನವರು ಕುಡಿಯುವ ನೀರಿಟ್ಟುಕೊಂಡಿದ್ದರು. ಮಿಕ್ಸರಿಗೆ ಪೈಪೇ ಬಿಟ್ಟಿದ್ದರು. ಕಾಂಕ್ರೀಟು ಬೆಳಿಗ್ಗೆ ಉಪ್ಪಿಟ್ಟಿನಂತಿತ್ತು, ಮಧ್ಯಾಹ್ನಕ್ಕೆ ಗಂಜಿಯಾಯಿತು, ಸಂಜೆಗೆ ತಿಳಿಸಾರು.

"ಇಷ್ಟೊಂದು ನೀರಾ?" ಎಂದೆ.

"ನೀರು ಕಮ್ಮಿಯಾದ್ರೆ ಎಳೆಯಕ್ಕಾಗಲ್ಲ ಸಾರ್. ನೋಡಿ ಹೆಂಗೆ ತಾನಾಗೇ ಹರಿದು ಹೋಗುತ್ತೆ."

1918ರಷ್ಟು ಹಿಂದೆಯೇ ಅಮೆರಿಕದ ಡಫ್ ಅಬ್ರಾಮ್ಸ್ ಎಂಬುವವರು, ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ ಎಂದೆ. ಸಿಮೆಂಟು ಗಟ್ಟಿಯಾಗಲು ಬೇಕಾದ ನೀರನ್ನು ಮಾತ್ರ ಹೀರಿಕೊಳ್ಳುತ್ತದೆ, ಮಿಕ್ಕದ್ದು ಆವಿಯಾಗಿ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ, ಆ ರಂಧ್ರದಲ್ಲೇ ಮಳೆನೀರು ಇಳಿಯುತ್ತದೆ ಎಂದು ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಮೇಸ್ತ್ರಿ ಗೌರವದಿಂದ ಪೂರ್ತಿ ಕೇಳಿದ.

"ಯಾವೂರ ಕಾಂಟ್ರ್ಯಾಕ್ಟರ್ ಸಾರ್ ಅವ್ರು?"

ಇಂಥ ಉದಾರಿಯೇ ಮೋಲ್ಡ್ ಹಾಕಿದ ಮಾರನೆಯ ದಿನದಿಂದ ನೀರಿನ ವಿಷಯದಲ್ಲಿ ಋಷಿಯಂತೆ ನಿರ್ಲಿಪ್ತನಾದ. ಕಾಂಕ್ರೀಟಿಗೆ ನೀರು ನಿಜವಾಗಿ ಬೇಕಾಗುವುದು ಆಗ. ಅದೇ ಮಾನಕದ ಪ್ರಕಾರ ಸಾದಾ ಸಿಮೆಂಟಾದರೆ ಕಡಿಮೆಯೆಂದರೆ ಏಳು ದಿನ, ಈಗ ಎಲ್ಲರೂ ಬಳಸುವ ಹಾರುಬೂದಿ ಬೆರೆಸಿದ ಸಿಮೆಂಟಾದರೆ ಹತ್ತು ದಿನ ತೇವ ಆರಬಾರದು. ಮೋಲ್ಡಿನ ಮೇಲೆ ಗದ್ದೆಯ ಬದುವಿನಂತೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಪಿಲ್ಲರುಗಳಿಗೆ ಗೋಣಿತಾಟು ಸುತ್ತಿ ನೆನೆಸಬೇಕು. ಕಟ್ಟೆ ಕಟ್ಟಿದ, ಸುಳ್ಳು ಹೇಳಬಾರದು. ಮೂರನೆಯ ದಿನ ಹತ್ತಿ ನೋಡಿದರೆ ಆ ಗದ್ದೆಗಳಲ್ಲಿ ಬರ. ಫೋನ್ ಮಾಡಿದೆ. "ನಿನ್ನೆ ರಾತ್ರಿ ಮೋಡ ಆಗಿತ್ತಲ್ಲ ಸಾರ್" ಎಂದ. ಬೇಡದಾಗ ಪೈಪು, ಬೇಕಾದಾಗ ಮೋಡ. ನಾನೇ ಬೆಳಿಗ್ಗೆ ಸಂಜೆ ಏಣಿ ಹತ್ತಿ ನೀರು ಹಾಕಿದೆ. ಡಾಕ್ಟರು ವಾಕಿಂಗ್ ಮಾಡಿ ಎಂದಿದ್ದರು, ಅದೂ ಆಯಿತು.

ಕಂಬಿಯ ವಿಷಯ ಬರೆಯದಿದ್ದರೆ ಈ ಸ್ತೋತ್ರ ಅಪೂರ್ಣ. ಮೋಲ್ಡಿನ ಕಂಬಿಗೂ ಕೆಳಗಿನ ಸೆಂಟ್ರಿಂಗ್ ಶೀಟಿಗೂ ನಡುವೆ 20 ಮಿಲಿಮೀಟರ್ ಅಂತರ ಇರಬೇಕು. ಅದಕ್ಕೆಂದೇ ಕವರ್ ಬ್ಲಾಕ್ ಎಂಬ ಪುಟ್ಟ ಸಿಮೆಂಟ್ ಬಿಲ್ಲೆಗಳು ಸಿಗುತ್ತವೆ. ಕೈಗೆ ಸಿಕ್ಕ ಜಲ್ಲಿಕಲ್ಲು ಇಟ್ಟರೂ ನಡೆಯುತ್ತದೆ ಎಂದು ಮೇಸ್ತ್ರಿ ಇಟ್ಟ. ಮೇಲೆ ಗ್ಯಾಂಗು ಓಡಾಡಿದಾಗ ಕಲ್ಲುಗಳು ಉರುಳಿ, ಕಂಬಿಗಳು ಶೀಟಿನ ಮೇಲೆ ಸುಖವಾಗಿ ಮಲಗಿದವು. ಮೈಮೇಲೆ ಹೊದಿಕೆಯಿಲ್ಲದ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ, ಕೊಡದಿದ್ದರೆ ಕಾಂಕ್ರೀಟನ್ನು ಒದ್ದು ಜಾಗ ಮಾಡಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಈಗ ಮಲಗುವ ಕೋಣೆಯ ತಾರಸಿಯಲ್ಲಿ ಕಂದು ಗೆರೆಗಳು ಎದ್ದಿವೆ, ಕಾಪಿ ಪುಸ್ತಕದಲ್ಲಿ ಅಡಿಕೋಲಿಟ್ಟು ಗೀಚಿದಂತೆ. ರಾತ್ರಿ ನಿದ್ದೆ ಬರದಿದ್ದರೆ ಅಂಗಾತ ಮಲಗಿ ಒಂದೊಂದೇ ಎಣಿಸುತ್ತೇನೆ. ತಪ್ಪು ಮಾಡಿದವರು ಕಂಬಿ ಎಣಿಸುತ್ತಾರೆ ಎನ್ನುವುದು ಹಳೆಯ ಮಾತು. ನಮ್ಮಲ್ಲಿ ತಪ್ಪು ಮಾಡಿದವನು ಬೇರೆ, ಎಣಿಸುವವನು ಬೇರೆ.

ಮೋಲ್ಡಿನಡಿಯ ಆನಿಕೆಗಳನ್ನು ಆ ಕಂಬದಿಂದ ಈ ಕಂಬಕ್ಕೆ 4.5 ಮೀಟರಿನವರೆಗೆ ಏಳು ದಿನ, ಅದಕ್ಕೂ ಮೀರಿದರೆ ಹದಿನಾಲ್ಕು ದಿನ ಬಿಡಬೇಕಂತೆ, ಅದೂ ಸಾದಾ ಸಿಮೆಂಟಾದರೆ. ಮೇಸ್ತ್ರಿ ಇದನ್ನೆಲ್ಲ ಬೇರೆ ಪಂಚಾಂಗದಿಂದ ನೋಡುತ್ತಿದ್ದ. ಇನ್ನೊಂದು ಸೈಟಿನಲ್ಲಿ ಮೋಲ್ಡ್ ಯಾವಾಗಲೋ, ನಮ್ಮಲ್ಲಿ ಸೆಂಟ್ರಿಂಗ್ ಬಿಚ್ಚುವುದು ಅದರ ಹಿಂದಿನ ದಿನ.

ಆಚಾರ್ರ ಕೆಲಸ ಬೇರೆಯೇ ಒಂದು ಪುರಾಣ. ಮುಂಬಾಗಿಲಿಗೆ ತೇಗ ಎಂದು ನಿಶ್ಚಯವಾಗಿತ್ತು. ಸಾಮಿಲ್ಲಿಗೆ ಅವರೇ ಬಂದು ಆರಿಸಿಕೊಟ್ಟರು. ಅಂಚಿನಲ್ಲಿ ಬೆಳ್ಳಗಿದೆಯಲ್ಲ, ಚೇಗು ಎಲ್ಲಿ ಎಂದು ಕೇಳಿದ್ದಕ್ಕೆ, "ಪಾಲಿಷ್ ಹೊಡೆದ್ರೆ ಎಲ್ಲ ಚೇಗೇ" ಎಂದರು. ಮರ ಇನ್ನೂ ಹಸಿಯಾಗಿತ್ತು. ಹಸಿ ಮರ ಬೇಸಿಗೆಯಲ್ಲಿ ಆರಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ. ಮಲೆನಾಡಿನ ಬಾಗಿಲಲ್ಲಿ ವರ್ಷವಿಡೀ ಈ ಉಸಿರಾಟ ನಡೆದೇ ಇರುತ್ತದೆ. ಜುಲೈಯಲ್ಲಿ ಬಾಗಿಲು ಕಚ್ಚಿಕೊಂಡಿತು, ಹಾಕಲು ಭುಜ ಕೊಡಬೇಕಾಯಿತು. ಆಚಾರ್ರು ಬಂದು ಉಜ್ಜುಗೊರಡು ಹಿಡಿದು ಸುರುಳಿ ಸುರುಳಿ ಹೊಟ್ಟು ಉದುರಿಸಿ, ಎಣ್ಣೆ ಹಾಕಿದಂತೆ ಸರಾಗ ಮಾಡಿ, ಕಾಫಿ ಕುಡಿದು ಹೋದರು. ಮಾರ್ಚಿನಲ್ಲಿ ಬಾಗಿಲು ಹಾಕಿಕೊಂಡರೂ ಪೇಪರಿನ ಹುಡುಗ ಸಂದಿಯಲ್ಲೇ ಪೇಪರು ತೂರಿಸಿ ಹೋಗತೊಡಗಿದ. ಮಳೆಗಾಲದಲ್ಲಿ ಬಾಗಿಲು ಹೆರೆಯಬಾರದು, ಸ್ವಲ್ಪ ತಾಳಬೇಕು ಎಂದು ನಮ್ಮಜ್ಜಿಗೆ ಸಹ ಗೊತ್ತಿತ್ತು. ಆದರೆ ಅಜ್ಜಿ ದಿನಗೂಲಿಗೆ ಕೆಲಸ ಮಾಡುತ್ತಿರಲಿಲ್ಲ.

ಕಚ್ಚು ಕೊರೆದು ಮರಕ್ಕೆ ಮರ ಕೂಡಿಸುವ ಕಾಲ ಹೋಯಿತು. ಈಗ ಸ್ಕ್ರೂ. ಅದನ್ನು ತಿರುಪುಳಿಯಿಂದ ತಿರುಗಿಸುತ್ತ ಕೂತರೆ ಒಂದು ಕಪಾಟಿಗೆ ಒಂದು ದಿನ ಬೇಕು. ಆದ್ದರಿಂದ ಸ್ಕ್ರೂವನ್ನು ಸುತ್ತಿಗೆಯಿಂದ ಮುಕ್ಕಾಲು ಪಾಲು ಹೊಡೆದು, ಯಜಮಾನರು ನೋಡುತ್ತಿರುವಾಗ ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವುದು. ಆ ಎರಡು ಸುತ್ತು ತಿರುಗಿಸುವಾಗ ಆಚಾರ್ರ ಮುಖದಲ್ಲಿ ಮೂಡುವ ಏಕಾಗ್ರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಲ್ಲಿ ಕೂಡಲಿಲ್ಲವೋ ಅಲ್ಲಿ ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿದರು. ಗಾರೆಯವರಿಗೆ ಪುಟ್ಟಿ ಹೇಗೋ ಬಡಗಿಗಳಿಗೆ ಅದು ಹಾಗೆ.

ವ್ಯವಹಾರದ ಕಿವಿಮಾತು ಹೆಚ್ಚಿಲ್ಲ. ದರವನ್ನು ಚದರಕ್ಕೆ ಹೇಳಿ. ಸಂಪು, ಮೆಟ್ಟಿಲು, ಸಜ್ಜಾ ಚದರದಲ್ಲಿ ಸೇರುತ್ತವೋ ಇಲ್ಲವೋ ಎಂಬುದನ್ನು ಅವು ಮುಗಿದ ಮೇಲೆ ಹೇಳಿ. ಕರಾರನ್ನು ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆಯಿರಿ, ಕಳೆಯಲು ಸುಲಭ. ಕಂತುಗಳನ್ನು ಮುಂದುಮುಂದಾಗಿ ವಸೂಲಿ ಮಾಡಿ, ಕೊನೆಯ ಕಂತು ಎಷ್ಟು ಸಣ್ಣದಿರಬೇಕೆಂದರೆ ಅದನ್ನು ಬಿಟ್ಟುಹೋದರೂ ನಿಮಗೆ ನೋವಾಗಬಾರದು. ಕೊನೆಗೆ ದೊಡ್ಡ ಮೊತ್ತ ಉಳಿಸಿಕೊಂಡ ಮನೆಗಳಲ್ಲಿ ಬಾಗಿಲ ಚಿಲಕದವರೆಗೆ ಎಲ್ಲ ಕೆಲಸವೂ ಮುಗಿದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಎಚ್ಚರ. ನಕ್ಷೆಯಲ್ಲಿ ಇಲ್ಲದ್ದು ಏನೇ ಬಂದರೂ, ಒಂದು ದೇವರ ಗೂಡಾಗಲಿ, ಒಂದು ಕಿಟಕಿ ಅರ್ಧ ಅಡಿ ಸರಿಯಲಿ, ಅದು ಎಕ್ಸ್‌ಟ್ರಾ. ಮನೆಯ ಆದಾಯ ಇರುವುದು ಚದರದಲ್ಲಿ ಅಲ್ಲ, ಎಕ್ಸ್‌ಟ್ರಾದಲ್ಲಿ. ಇನ್ನು ಕಾನೂನಿಗೆ ಹೆದರಬೇಡಿ. 2016ರ ರೇರಾ ಕಾಯ್ದೆಯಲ್ಲಿ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಮೂವತ್ತು ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕೆಂದು ಇದೆ. ಆದರೆ ಅದು ಕಟ್ಟಿ ಮಾರುವ ಪ್ರೊಮೋಟರ್‌ಗಳಿಗೆ. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಕಟ್ಟಿಸಿಕೊಂಡವನಿಗೆ ರೇರಾ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ನಿಜ. ಕರೆಯೋಲೆ ಹುಡುಕಿಕೊಂಡು ಹೋಗಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಮೇಸ್ತ್ರಿಯ ಗುರು ಯಾರೆಂದು ಹೇಳದಿದ್ದರೆ ಕೃತಘ್ನತೆಯಾದೀತು. ಅವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ರೇಖಾಗಣಿತಕ್ಕೆ ನೂರಕ್ಕೆ ಆರು ಅಂಕ ತೆಗೆದಿದ್ದ. ಮೂಲೆಮಟ್ಟ ಹಿಡಿಯುವುದೂ ಬರುತ್ತಿರಲಿಲ್ಲ. ಒಳ್ಳೆಯ ಹುಡುಗ, ಶಾಲೆಯ ತೋಟಕ್ಕೆ ನೀರು ಹಾಕುತ್ತಿದ್ದ (ಆಗ ಹಾಕುತ್ತಿದ್ದ). ಮುಂದಿನ ವರ್ಷದ ಮೇಷ್ಟರು ಸರಿಮಾಡಿಕೊಳ್ಳುತ್ತಾರೆ ಎಂದು ನಾನೇ ಅಂಕ ಸೇರಿಸಿ ಒಂಬತ್ತಕ್ಕೆ ದಾಟಿಸಿದ್ದೆ. ಒಂಬತ್ತರ ಮೇಷ್ಟರು ಹತ್ತಕ್ಕೆ ದಾಟಿಸಿದರು. ಎಂಜಿನಿಯರ್ ಬಂದು ನಿಂತು ಕೆಲಸ ನೋಡಿಕೊಳ್ಳುತ್ತೇನೆ ಎಂದಾಗ ಫೀಸು ಜಾಸ್ತಿಯೆಂದು ನಕ್ಷೆ ಮಾತ್ರ ಬರೆಸಿಕೊಂಡು, ಚದರಕ್ಕೆ ಐನೂರು ಕಡಿಮೆ ಹೇಳಿದ ಎಂದು ಇವನನ್ನೇ ಆರಿಸಿಕೊಂಡವನೂ ನಾನೇ. ಪೂಜೆಯ ದಿನ ಕಾಲಿಗೆ ನಮಸ್ಕಾರ ಮಾಡಿ, "ನೀವಿಲ್ದಿದ್ರೆ ನಾನೆಲ್ಲಿ ಸಾರ್" ಎಂದಿದ್ದ. ಆ ಮಾತಿನಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ.

ಹೋದ ಭಾನುವಾರ ನನ್ನ ಷಡ್ಡಕ ಮನೆ ನೋಡಲು ಬಂದ. ಅವನೂ ಸೈಟು ತೆಗೆದುಕೊಂಡಿದ್ದಾನೆ, ಇದೇ ಮೇಸ್ತ್ರಿಗೆ ಕೊಡುವ ಯೋಚನೆ. ಮೇಸ್ತ್ರಿ ಹಿಂದಿನ ದಿನವೇ ಫೋನ್ ಮಾಡಿ, "ಸಾರ್, ನಮ್ಮ ಬಗ್ಗೆ ಒಂದು ಮಾತು" ಎಂದಿದ್ದ; ತಾರಸಿಯ ಸೋರಿಕೆಗೆ ಮುಂದಿನ ವಾರ ಖಂಡಿತ ಬರುತ್ತೇನೆ ಎಂದೂ ಸೇರಿಸಿದ್ದ. ನನ್ನವಳು ಬೆಳಿಗ್ಗೆಯೇ ಎದ್ದು ಬಚ್ಚಲ ಗೋಡೆಯ ಹಸಿಯ ಮೇಲೆ ದೊಡ್ಡ ಕ್ಯಾಲೆಂಡರು ತೂಗುಹಾಕಿದಳು. ನಾನು ಮಲಗುವ ಕೋಣೆಯ ಕಿಟಕಿ ಪರದೆ ಎಳೆದು, ಲೈಟು ಹಾಕಲಿಲ್ಲ. ಷಡ್ಡಕ ಎಲ್ಲ ನೋಡಿದ, ತಲೆಯಾಡಿಸಿದ, ಕೋಣೆಯ ಮೂಲೆಯಲ್ಲಿ ನಿಂತುಬಿಟ್ಟ.

"ಬೀರು ಯಾಕೆ ಹೀಗೆ ಓರೆಯಾಗಿ ಇಟ್ಟಿದ್ದೀರಿ?"

ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಹೇಳಿದಳು: "ವಾಸ್ತು."

ಅವನು ಒಂದು ಹೆಜ್ಜೆ ಹಿಂದೆ ಸರಿದು ಭಕ್ತಿಯಿಂದ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಮೊನ್ನೆ ಪಾಯಪೂಜೆ ಆಯಿತು. ಮಲಗುವ ಕೋಣೆಯ ಗೋಡೆ ನಮ್ಮ ಮನೆಯದರಂತೆಯೇ ಓರೆ ಬರಬೇಕೆಂದು ಮೇಸ್ತ್ರಿಗೆ ಹೇಳಿದ್ದಾನಂತೆ. ಮೇಸ್ತ್ರಿ ಅದನ್ನು ಎಕ್ಸ್‌ಟ್ರಾದಲ್ಲಿ ಬರೆದುಕೊಂಡಿದ್ದಾನೆ.